ಮೈಸೂರಿನ ಹೊಸ ಸೈಟು ಏಜೆಂಟರ ಇನ್‌ಸ್ಟಾಗ್ರಾಂ ಪುಟ: ಎಂಟು ವಾರದ ಕೆಲಸ

ವಾರ 1: ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಆಮೇಲೆ ಇನ್‌ಸ್ಟಾಗ್ರಾಂ. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಏಜೆಂಟರಿಗೆ ನೋಂದಣಿ ಇಲ್ಲದಿದ್ದರೆ ರೇರಾ ಪ್ರಾಜೆಕ್ಟಿನ ಸೈಟು, ಫ್ಲಾಟು ಕೊಡಿಸುವ ಹಾಗಿಲ್ಲ. ಬಯೋಗೆ ಸಿಗುವುದು 150 ಅಕ್ಷರ. ರೇರಾ ನಂಬರ್, ವಾಟ್ಸಾಪ್, ಓಡಾಡುವ ಏರಿಯಾ, ಇಷ್ಟೇ ಹಾಕಿದ್ದು. ಇಡೀ ಮೈಸೂರು ಬೇಡ. ಬೋಗಾದಿ, ವಿಜಯನಗರ 4ನೇ ಹಂತ ಸಾಕು.

ವಾರ 2, 3: ಶೂಟಿಂಗ್. ಮೊದಲ ವಿಡಿಯೊಗೆ 30x40 ಸೈಟು. 100 ಅಡಿಯ ಟೇಪನ್ನು ಒಂದು ಗಡಿಕಲ್ಲಿನಿಂದ ಇನ್ನೊಂದಕ್ಕೆ ಎಳೆದು, ಅಂಕಿ ಕಾಣುವಷ್ಟು ಹತ್ತಿರದಿಂದ ತೆಗೆಯಬೇಕು. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಹಿಡಿಯಬೇಕು: ಎರಡು ಕರ್ಣವೂ ಸರಿಯಾಗಿ 50 ಅಡಿ ಬಂದರೆ ಸೈಟಿನ ಮೂಲೆಗಳು ಲಂಬಕೋನದಲ್ಲಿವೆ. ರಸ್ತೆ ಅಳತೆಯಲ್ಲಿ ತಪ್ಪುವವರೇ ಹೆಚ್ಚು. ಲೇಔಟ್ ನಕ್ಷೆಯ 30 ಅಡಿ ರಸ್ತೆಯಲ್ಲಿ ಚರಂಡಿಯೂ ಸೇರಿರುತ್ತದೆ. ಬರೀ ಡಾಂಬರು ಅಳೆದರೆ ಕಡಿಮೆ ಬರುತ್ತದೆ, ಕಾಮೆಂಟಿನಲ್ಲಿ ಜಗಳ ಶುರುವಾಗುತ್ತದೆ.

ದಿಕ್ಕು ತೋರಿಸಲು ಫೋನಿನ ಕಂಪಾಸ್ ಬಳಸುವಾಗ ಕಾರು, ಕಬ್ಬಿಣದ ಗೇಟು, ಅಯಸ್ಕಾಂತದ ಕವರ್ ಮೂರರಿಂದಲೂ ದೂರ ಇರಬೇಕು. ಪೂರ್ವದ ಬಾಗಿಲು ಬೇಕೆಂದು ಬಂದವರಿಗೆ ಸ್ಥಳದಲ್ಲಿ ಆಗ್ನೇಯ ಕಂಡರೆ ಅವರು ಮತ್ತೆ ಫೋನು ಮಾಡುವುದಿಲ್ಲ.

ಮನೆ ಒಳಗೆ ಫೋನಿನ 0.5 (ಅಗಲ ನೋಟದ) ಲೆನ್ಸ್ ಬೇಡ. ಹತ್ತಡಿ ರೂಮು ಹದಿನೈದಡಿಯಂತೆ ಕಾಣುತ್ತದೆ, ನೋಡಲು ಬಂದವರ ಮುಖ ಬಾಗಿಲಲ್ಲೇ ಬಾಡುತ್ತದೆ. 1x ಇಟ್ಟು, ಎದೆಯೆತ್ತರದಲ್ಲಿ ಮೂಲೆಗೆ ನಿಂತು ತೆಗೆದರೆ ಸಾಕು. ಫ್ರೇಮು 1080x1920. ಬೆಲೆ, ಅಳತೆಯ ಅಕ್ಷರ ನಡುಭಾಗಕ್ಕಿರಲಿ. ಕೆಳಗೆ ಹಾಕಿದರೆ ಕ್ಯಾಪ್ಶನ್ ಮುಚ್ಚಿಬಿಡುತ್ತದೆ. ಬಯಲಲ್ಲಿ ಗಾಳಿಯ ಸದ್ದು ಜೋರು, ಕಾಲರ್ ಮೈಕಿಗೆ ತುಪ್ಪಳದ ಟೊಪ್ಪಿ ಬೇಕೇ ಬೇಕು.

ವಾರ 4: ಕಾಗದಪತ್ರದ ರೀಲ್ಸ್. ಈ ಪುಟದ ಜೀವಾಳ ಇದೇ. ಒಂದು ವಿಡಿಯೊಗೆ ಒಂದೇ ಕಾಗದ. ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ನಮೂನೆ 15 ಬಂದರೆ ಆ ಅವಧಿಯ ನೋಂದಾಯಿತ ವಹಿವಾಟು ಇದೆ, ನಮೂನೆ 16 ಬಂದರೆ ಇಲ್ಲ. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ ಎಂಬುದನ್ನು ಅದೇ ವಿಡಿಯೊದಲ್ಲಿ ಹೇಳಲೇಬೇಕು, ಕೊಳ್ಳುವವರು ಮೋಸಹೋಗುವುದು ಅಲ್ಲೇ. ಮಾಲೀಕರ ಹೆಸರು, ಆಧಾರ್ ಮುಚ್ಚಲು ಹೈಲೈಟರ್ ಬ್ರಷ್ ಬಳಸಬಾರದು. ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಮತ್ತೆ ಕಾಣಬಹುದು. ಗಟ್ಟಿ ಕಪ್ಪು ಪಟ್ಟಿಯೇ ಸರಿ, ಇಲ್ಲವೇ ಶೂಟ್ ಮಾಡುವಾಗಲೇ ಕಾಗದದ ಮೇಲೆ ಚೀಟಿ ಇಡಬೇಕು.

ವಾರ 5: ‘ಪ್ರೀ ಲಾಂಚ್’ ಪೋಸ್ಟರ್‌ಗಳನ್ನು ಹಂಚಲಿಲ್ಲ. ರೇರಾ ನೋಂದಣಿ ಬೇಕಾದ ಪ್ರಾಜೆಕ್ಟನ್ನು ಅದಿಲ್ಲದೆ ಮಾರಿಸಲು ಹೊರಟರೆ ಏಜೆಂಟರಿಗೆ ದಿನಕ್ಕೆ 10,000 ರೂಪಾಯಿ ದಂಡ, ಎಲ್ಲ ದಿನ ಸೇರಿ ಆಸ್ತಿ ಬೆಲೆಯ ಶೇ. 5ರವರೆಗೆ.

ವಾರ 6, 7: ವಾಟ್ಸಾಪ್ ಬಿಸಿನೆಸ್. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಹಾಗಾಗಿ ಮೊದಲ ಉತ್ತರದಲ್ಲೇ ‘ನಂಬರ್ ಸೇವ್ ಮಾಡಿಕೊಳ್ಳಿ, ಲೊಕೇಶನ್ ಕಳಿಸುತ್ತೇವೆ’ ಎಂಬ ಸಾಲು. ಲೇಬಲ್ ಮೂರು: ಬಜೆಟ್ ಹೇಳಿದವರು, ಸೈಟು ನೋಡಿದವರು, ಕಾಗದ ಕೇಳಿದವರು. ಕಾಗದ ಕೇಳಿದವರಿಗೆ ಅದೇ ದಿನ ಉತ್ತರ.

ವಾರ 8: ಮಾರಾಟವಾದ ಸೈಟುಗಳ ಪೋಸ್ಟಿಗೆ ‘ಮಾರಾಟವಾಗಿದೆ’ ಎಂದು ಸೇರಿಸಿದ್ದಾಯಿತು. ಬಾಕಿ ಇರುವುದು ಮಳೆಯ ಶೂಟಿಂಗ್: ಜೋರು ಮಳೆ ನಿಂತ ಅರ್ಧ ಗಂಟೆಗೆ ಅದೇ 30x40 ಸೈಟಿಗೆ ಹೋಗಿ, ನೀರು ಯಾವ ಕಲ್ಲಿನ ಹತ್ತಿರ ನಿಂತಿದೆ ಎಂದು ತೋರಿಸಬೇಕು.