ಎಡಗಾಲಿಗೆ ಮತ್ತೆ ಕೆಲಸ

ಆಟೋಮ್ಯಾಟಿಕ್‌ಗೆ ಒಗ್ಗಿಹೋದ ಮೇಲೆ ಈಗ ಮಜ್ದಾ ಮಿಯಾಟಾ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮತ್ತೆ ಕ್ಲಚ್ ಕಲಿಕೆ. ಊರಲ್ಲಿ ಮಾರುತಿ 800ರಲ್ಲಿ ಎಡಗೈಯಲ್ಲಿ ಗೇರ್ ಹಾಕಿ ಕಲಿತವನು ನಾನು, ಇಲ್ಲಿ ಅಮೆರಿಕದಲ್ಲಿ ಸ್ಟೇರಿಂಗ್ ಎಡಗಡೆ, ಗೇರ್ ಬಲಗೈಗೆ, ಹಾಗಾಗಿ ಸಿಗ್ನಲ್‌ನಲ್ಲಿ ಎಡಗೈ ಸುಮ್ನೆ ಬಾಗಿಲು ತಡಕುತ್ತದೆ. ಪೆಡಲ್‌ಗಳು ಮಾತ್ರ ಎರಡೂ ಕಡೆ ಒಂದೇ ಕ್ರಮ, ಪುಣ್ಯ! ಗೇರ್ ಇಳಿಸುವಾಗ ಆಕ್ಸಿಲರೇಟರ್ ಚೂರು ಒತ್ತಿ, ಇಂಜಿನ್ ವೇಗ ಏರಿಸಿ, ಆಮೇಲೆ ಕ್ಲಚ್ ಬಿಟ್ಟರೆ ಗಾಡಿ ಜಗ್ಗುವುದಿಲ್ಲ. ಮಾರುತಿ ಕಾಲದಲ್ಲಿ ಇದನ್ನೆಲ್ಲ ಯಾರು ಹೇಳಿಕೊಡುತ್ತಿದ್ದರು? ಮಿಯಾಟಾ 1989ರಲ್ಲಿ ಬಂದ ಮಾಡೆಲ್ಲು, ಇವತ್ತಿಗೂ ಮ್ಯಾನುವಲ್ ಸಿಗುತ್ತದೆ. ಇದಕ್ಕಿಂತ ವೇಗದ ಕಾರುಗಳು ಬೇಕಾದಷ್ಟಿವೆ, ಈಗಿನ ಆಟೋಮ್ಯಾಟಿಕ್ ಗೇರ್ ಬದಲಿಸುವುದೂ ನನಗಿಂತ ಬೇಗ. ಆದರೂ ಮೂರನೇ ಗೇರಿಂದ ಎರಡಕ್ಕೆ ಸರಿಯಾಗಿ ಬಿದ್ದಾಗ ಒಬ್ಬನೇ ನಗುತ್ತೇನೆ. ಏರಿನಲ್ಲಿ ಹಿಂದೆ ದೊಡ್ಡ ಟ್ರಕ್ ಅಂಟಿಕೊಂಡು ನಿಂತಾಗ ಆ ನಗು ಇರುವುದಿಲ್ಲ ಬಿಡಿ.