ಪಕ್ಕದ ಹೊಲ ಯಾರದು?

ಕೋಲಾರದ ಕಡೆ ಒಂದು ಗೊಬ್ಬರ-ಔಷಧಿ ಅಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷ. ರೈತರೊಬ್ಬರು ಎಲೆಕೋಸಿನ ಎಲೆ ಹಿಡಿದುಕೊಂಡು ಬಂದರು. ಎಲೆ ಜರಡಿಯಾಗಿತ್ತು. ಕೆಮಿಕಲ್ ಬೇಡ ಅಂದರು. ಬಿಟಿ ಪುಡಿ ಕೊಟ್ಟೆ, ಅಂದರೆ ಹುಳು ಕೊಲ್ಲುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಪುಡಿ.

"ಇದು ಮಣ್ಣಿನ ಬ್ಯಾಕ್ಟೀರಿಯಾ ಯಜಮಾನ್ರೇ, ವಿಷ ಅಲ್ಲ. ಸಂಜೆ ಹೊಡೀರಿ, ಬಿಸಿಲಿಗೆ ಸತ್ವ ಹೋಗುತ್ತೆ."

ಸಂಜೆಯ ಮಾತು ಸರಿ. ವಿಷ ಅಲ್ಲ ಅಂದದ್ದು ತಪ್ಪು.

ಕೋಸು ಉಳಿಯಿತು. ಆದರೆ ವಾರದೊಳಗೆ ಅವರ ಪಕ್ಕದ ತೋಟದ ಅಕ್ಕ ಅಂಗಡಿಗೆ ಬಂದರು. ಅವರದು ರೇಷ್ಮೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ ಎದ್ದಿತ್ತು, ಇನ್ನು ಕೆಲವು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿತ್ತು. ಬೇಲಿ ಪಕ್ಕದ ಸಾಲಿನ ಸೊಪ್ಪು ಕೊಯ್ದು ಹಾಕಿದ್ದರು. ಗಾಳಿ ಆ ಸಂಜೆ ಅತ್ತಲೇ ಬೀಸಿತ್ತು. ಮೊದಲು ಹುಳು ಸೊಪ್ಪು ಮುಟ್ಟಲಿಲ್ಲ. ಆಮೇಲೆ ಮೆತ್ತಗಾಗಿ ಸಾಯತೊಡಗಿದವು.

"ಏನ್ ಸಾರ್, ವಿಷ ಅಲ್ಲ ಅಂದ್ರಂತೆ?" ಅಷ್ಟೇ ಕೇಳಿದರು. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ರಾತ್ರಿ ಕೂತು ಓದಿದೆ. ಈ ಬ್ಯಾಕ್ಟೀರಿಯಾ ತನ್ನೊಳಗೆ ಪ್ರೋಟೀನಿನ ಹರಳು ಕಟ್ಟುತ್ತದೆ. ನಮ್ಮ ಹೊಟ್ಟೆ ಆಮ್ಲ, ಅಲ್ಲಿ ಅದು ಬೇರೆ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಹುಳುವಿನ ಹೊಟ್ಟೆ ಇದಕ್ಕೆ ಉಲ್ಟಾ, ಸೋಪಿನ ನೀರಿನಂಥ ಕ್ಷಾರ. ಹರಳು ಕರಗುವುದು ಅಲ್ಲಿ. ಕರಗಿದ್ದನ್ನು ಹುಳುವಿನದೇ ಜೀರ್ಣರಸ ಕತ್ತರಿಸಿ ವಿಷ ಮಾಡುತ್ತದೆ! ಅದು ಕರುಳಿನ ಗೋಡೆಗೆ ಅಂಟಿ ತೂತು ಕೊರೆಯುತ್ತದೆ. ಕೆಲವು ಗಂಟೆಗಳಲ್ಲೇ ತಿನ್ನುವುದು ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಸಾವು. ಕೋಸಿನ ಹುಳುವೂ ರೇಷ್ಮೆ ಹುಳುವೂ ಪತಂಗದ ಮರಿಗಳೇ ಅಲ್ವಾ? ಬ್ಯಾಕ್ಟೀರಿಯಾಕ್ಕೆ ಒಂದು ಬೆಳೆಯ ಶತ್ರು, ಇನ್ನೊಂದು ಮನೆಯ ಅನ್ನ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಓದಿ ತಲೆ ತಗ್ಗಿಸಿದೆ. 1901ರಲ್ಲಿ ಜಪಾನಿನ ಇಶಿವಾತಾ ಇದನ್ನು ಮೊದಲು ಕಂಡದ್ದೇ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಹೆಸರು ಮಾತ್ರ ಜರ್ಮನಿಯ ಥುರಿಂಗಿಯಾದ್ದು. ಅಲ್ಲಿ ಬರ್ಲಿನರ್ ಎಂಬವರಿಗೆ 1911ರಲ್ಲಿ ಹಿಟ್ಟಿನ ಪತಂಗದ ಮರಿಯಲ್ಲಿ ಸಿಕ್ಕಿತ್ತು.

ಎಲ್ಲ ಬ್ಯಾಕ್ಟೀರಿಯಾ ಹೀಗಲ್ಲ ಬಿಡಿ. ಜೇನುನೊಣ ಹಿಡಿಯುವ ಒಂದು ಯುರೋಪಿನ ಕಣಜದ ಹುಳು ತನ್ನ ಮೀಸೆಯಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾ ಸಾಕುತ್ತದೆ. ಮಣ್ಣಿನಲ್ಲಿ ಧಾರಾಳವಾಗಿ ಸಿಗುವ ಗುಂಪಿನದೇ ಅದು. ಮರಿ ಅದನ್ನು ಗೂಡಿನ ನೂಲಿಗೆ ಸೇರಿಸಿ ನೇಯುತ್ತದೆ. ಅದು ಬಿಡುವ ಆಂಟಿಬಯೋಟಿಕ್‌ಗಳು ಬೂಷ್ಟು ಹತ್ತದಂತೆ ಗೂಡು ಕಾಯುತ್ತವೆ.

ಈಗ ಬಿಟಿ ಕೇಳಿದವರಿಗೆ ಮೊದಲು ಪಕ್ಕದ ಹೊಲದಲ್ಲಿ ಏನಿದೆ, ಯಾರದು ಅಂತ ಕೇಳುತ್ತೇನೆ. ಮೊನ್ನೆ ಒಬ್ಬರು ರೇಗಿದರು: "ಔಷಧಿ ಕೇಳಿದ್ರೆ ಊರೋರ ಪಹಣಿ ಎಲ್ಲಾ ಕೇಳ್ತೀಯಲ್ಲಪ್ಪ!"