ನೀತಿಗೆ ಹಸಿದವರು

ಬೀದರ್, 21 ಮಾರ್ಚ್ 2025, ಶುಕ್ರವಾರ ರಾತ್ರಿ

ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಶುರುವಾದಾಗಿನಿಂದ ಶುಕ್ರವಾರದ ಮನೆಕೂಟದಲ್ಲಿ ಬೈಬಲ್‌ನ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ ಓದುತ್ತಿದ್ದೇವೆ. ಇವತ್ತು ಆರನೇ ವಚನ: ನೀತಿಗೆ ಹಸಿದು ಬಾಯಾರಿದವರು ಧನ್ಯರು. ರಂಜಾನ್ ಕೂಡ ನಡೆದಿರುವುದರಿಂದ ನಮ್ಮ ಗಲ್ಲಿಯಲ್ಲಿ ಎರಡೂ ಕಡೆ ಉಪವಾಸ. ಸಂಜೆಯ ಮಗ್ರಿಬ್ ಅಜಾನ್ ಆಗಿ, ಪಕ್ಕದ ಮನೆ ಭಾಭಿ ಭಜಿ-ಖರ್ಜೂರದ ತಟ್ಟೆ ಕೊಟ್ಟುಹೋದ ಮೇಲೆಯೇ ನಮ್ಮ ಹಾಡು.

ಗುಡ್ಡದ ಮೇಲೆ ಯೇಸುಸ್ವಾಮಿಯ ಮಾತು ಕೇಳಿದವರಲ್ಲಿ ದಿನಗೂಲಿಯವರೇ ಹೆಚ್ಚಿರಬೇಕು, ಹಸಿವು ಅವರಿಗೆ ಬರೀ ಉಪಮೆಯಲ್ಲ ಎಂದರು ಪಾಸ್ಟರ್. ಲೂಕನಂತೂ ತನ್ನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ನೀತಿಯ ಹೆಸರೂ ಎತ್ತದೆ ಈಗ ಹಸಿದಿರುವವರು ಧನ್ಯರು ಅನ್ನುತ್ತಾನೆ. ಹಿಂದೆಯೇ ಐಶ್ವರ್ಯವಂತರಿಗೆ ಅಯ್ಯೋ ಅನ್ನುತ್ತಾನೆ. (ಸುಗ್ಗಿ ಹಬ್ಬದ ಆರಾಧನೆಯಲ್ಲಿ ಆ ಭಾಗ ಓದಿದ್ದನ್ನು ನಾನಂತೂ ಕೇಳಿಲ್ಲ.)

ಆಗ ಮೂಲೆಯಲ್ಲಿದ್ದ ದೊಡ್ಡಮ್ಮ ಬಾಯಿಬಿಟ್ಟಳು: "ದೇವರಿಗಿ ಹುಡ್ಕ್ರಿ, ಹುಡ್ಕ್ರಿ ಅಂತೀರಿ ಪಾಸ್ಟರ್ ಸಾಬ್. ನಮ್ಮ ಸೊಸಿ ಮೂರ್ ತಿಂಗಳ ಪಗಾರ ಹುಡ್ಕಲತ್ತಾಳ. ಆಕಿ ಸಂಗಟ ಯಾರರ ಹೋಗ್ತೀರೇನ್?"

ಸೊಸೆ ಕಂಟ್ರಾಕ್ಟರ್ ಕೈಕೆಳಗೆ ಕಸಗುಡಿಸುವ ಕೆಲಸದಾಕೆ. ಮಕ್ಕಳ ಹಳೇ ಕಾಪಿ (ನೋಟ್‌ಬುಕ್) ತಂದು ತೋರಿಸಿದಳು. ತಾರೀಖು ಹಾಕಿ, ಹೋದ ದಿನಕ್ಕೊಂದು ಟಿಕ್, ಹೋಗದ ದಿನಕ್ಕೆ ಸೊನ್ನೆ. ಫೆಬ್ರವರಿಯ ಹಾಳೆಗೆ ಫಿನೈಲ್ ಬಿದ್ದು ಶಾಯಿ ಹರಡಿದೆ. ಕಂಟ್ರಾಕ್ಟರ್ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೂಲಿ ಕೊಡಬೇಕು, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದೆ ಎಂದರು ವಕೀಲ ಕಾಕಾ. ಅಲ್ಲಿಂದ ಕೂಟದ ಮಾತೇ ಬದಲಾಯಿತು.

ಹೀಗೆ ಮನೆಯ ಕಷ್ಟ ಕೂಟದೊಳಗೆ ಬರುವುದು ಮೆಥೊಡಿಸ್ಟ್ ಪಂಥದವರಾದ ನಮಗೆ ಹೊಸದೂ ಅಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಭಾಮನೆಯ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ದುಡ್ಡೆತ್ತಲು ಮನೆಮನೆಗೆ ಹೋದವರಿಗೆ ಮನೆಯೊಳಗಿನ ಸಂಗತಿಯೂ ಗೊತ್ತಾಗತೊಡಗಿತು. ನಮ್ಮ ಪಂಥ ಶುರುಮಾಡಿದ ಜಾನ್ ವೆಸ್ಲಿ ಅದನ್ನೇ ಶಿಷ್ಯರನ್ನು ತಯಾರು ಮಾಡುವ ದಾರಿ ಮಾಡಿಕೊಂಡರು. ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ದೇವರನ್ನು ಹುಡುಕುವುದಕ್ಕಿಂತ ಈ ದಾರಿ ನನಗೂ ಹಿಡಿಸುತ್ತದೆ.

ನಾಳೆ ನಾಲ್ಕನೇ ಶನಿವಾರ, ಮೇಲೆ ಕರ್ನಾಟಕ ಬಂದ್ ಬೇರೆ. ಸೋಮವಾರ ನಾಲ್ಕು ಜನ ಕಾರ್ಮಿಕ ಇಲಾಖೆಗೆ ಹೋಗುವುದೆಂದು ಆಗಿದೆ. ಆಟೋ ಬಾಡಿಗೆ ಕೂಟದ ಡಬ್ಬಿಯಿಂದ. ಅರ್ಜಿ ಬರೆಯುವುದು ನನ್ನ ಪಾಲು. ಕಾಪಿಯಲ್ಲಿ ಎರಡು ಭಾನುವಾರಕ್ಕೂ ಟಿಕ್ ಇದೆ. ಆರಾಧನೆ ಬಿಟ್ಟು ಕೆಲಸಕ್ಕೆ ಕರೆಸಿಕೊಂಡಿದ್ದರೋ ಏನೋ, ಆಕೆಯನ್ನೇ ಕೇಳಿ ಅದನ್ನೂ ಬರೆಯಬೇಕು.